ಹನ್ನೊಂದು ಗ್ರಾಮ್

ಉಪ್ಪು ತೂಗುತ್ತಿದ್ದ ಹಿತ್ತಾಳೆ ತಕ್ಕಡಿ ಇದು, ಅಪ್ಪನದು.
ಚಳಿಗಾಲಕ್ಕೆ ಹಂದಿ ಕೊಯ್ದು ಕರುಳಿಗೆ ಮಾಂಸ ತುಂಬುವ ದಿನ
ಕಿಲೋಗೆ ಇಷ್ಟೇ ಉಪ್ಪು, ಇಷ್ಟೇ ಕರಿಮೆಣಸು,
ಗುಲಗಂಜಿಯಷ್ಟು ಹೆಚ್ಚಾದರೂ
ವರ್ಷವಿಡೀ ಬಾಯಿ ಕೆಟ್ಟಿತು ಅನ್ನುತ್ತಿದ್ದ.
ಈಗ ಅದೇ ಬಟ್ಟಲಲ್ಲಿ
ಮಗಳ ಸೈಕಲ್ಲಿನ ಬೋಲ್ಟುಗಳು,
ಕಪ್ಪೆ ತೂಗಿದ ಹಾಗೆ,
ಒಂದನ್ನು ಹಿಡಿದರೆ ಇನ್ನೊಂದು ಮೇಜಿನಡಿ.

ಸೀಟಿಲ್ಲದ ಸೈಕಲ್ಲು.
ಪಕ್ಕದ ಮನೆಯ ರೆಮೇಯ್ ಮೊದಲ ಸಲ ನೋಡಿದಾಗ
ಕೂರೋದೆಲ್ಲಿ? ಅಂದಿದ್ದಳು.
ಕೂರೋಕಲ್ಲ, ನಿಲ್ಲೋಕೆ, ಅಂದಳು ಕೆರಾಲ್ಟ್.
ಅಂದೇ ಸಂಜೆ ಅಂಗಳದ ತೊಟ್ಟಿಯ ಅಂಚಿನ ಮೇಲೆ
ಹಿಂದಿನ ಗಾಲಿಯೊಂದರಲ್ಲೇ ನಿಂತು
ಅವಳಿಗೆ ಕೈ ಬೀಸಿದಳು.

ತೆರ್ ಹೊಳೆಯ ದಂಡೆಯಲ್ಲಿ ಒಂಬತ್ತು ಬಂಡೆ.
ಆರು ದಾಟುತ್ತಾಳೆ, ಬೆಕ್ಕು ಮಾಳಿಗೆ ದಾಟಿದಂತೆ.
ಏಳನೆಯದಕ್ಕೆ ಎರಡು ಬೆರಳು ಸಾಲದು.
ಬೇಸಿಗೆಯೆಲ್ಲ ಅದೇ ಎರಡು ಬೆರಳು.
ಗಾಲಿ ಜಾರುತ್ತದೆ, ಕಾಲು ಊರುತ್ತದೆ,
ಕ್ಲಬ್ಬಿನ ಮುದುಕ ಪೆನ್ಸಿಲು ನೆಕ್ಕಿ ಬರೆದುಕೊಳ್ಳುತ್ತಾನೆ.

ಒಂದು ರಾತ್ರಿ ತಟ್ಟೆ ಸರಿಸಿದಳು.
ನಾನು ಮೂರು ಕಿಲೋ ಇಳಿದರೆ, ಅಪ್ಪ?
ಹದಿನೈದು ವರ್ಷ. ಮಣಿಕಟ್ಟು ನನ್ನ ಹೆಬ್ಬೆರಳಿನಷ್ಟಿದೆ.
ನೀನಲ್ಲ, ಅಂದೆ. ಅದು.
ಮರುದಿನ ಉಳಿತಾಯದ ಡಬ್ಬಿ ಒಡೆದೆ.

ಮನ್‌ಯೇವಿನ ಫೆರ್ಮಿಯ ಅಂಗಡಿ. ಗ್ರಾಮಿಗೊಂದು ಬೆಲೆ,
ಕೇಸರಿ ಮಾರುವವನ ಮುಖ.
ತೂತು ಕೊರೆದ ರಿಮ್ಮು ತಗೋ, ಅಂದ. ತಗೊಂಡೆ.
ತೂತುಗಳಲ್ಲಿ ಕೆಂಪು ಪಟ್ಟಿ ಇಣುಕುವುದು ಅವಳಿಗಿಷ್ಟ.
ಟೈರು ಮಾತ್ರ ದಪ್ಪದ್ದೇ ಇರಲಿ,
ನಮ್ಮ ಹೊಳೆಯ ಕಲ್ಲಿಗೆ ಹಲ್ಲಿದೆ.
ಫ್ರೀವೀಲು ಸುತ್ತಿಗೆ ನೂರೆಂಟು ಕಡೆ ಕಚ್ಚುತ್ತದಂತೆ,
ಕಿವಿಗೆ ಹಿಡಿದು ತಿರುಗಿಸಿದೆ, ಜೀರುಂಡೆ.
ಟೊಳ್ಳು ಪಿನ್ನಿನ ಚೈನು ಬೇಡ.
ಇಡೀ ಮೈ ಪೆಡಲಿನ ಮೇಲೆ ಬಿದ್ದ ಕ್ಷಣ ಚೈನು ತುಂಡಾದರೆ
ಮಂಡಿ ಹೋಗಿ ಬಡಿಯುವುದು ಎಲ್ಲಿಗೆಂದು ಗೊತ್ತು,
ಆ ಸದ್ದೂ ಗೊತ್ತು.
ಬ್ರೇಕು ಹಳೆಯದೇ. ಅದರ ಕಿರುಚು ನನಗೆ ಬೇಕು.

ಕಾರ್ಬನ್ ಫೋರ್ಕು?
ಎತ್ತಿ ನೋಡಿದೆ, ಹಕ್ಕಿಯ ಮೂಳೆ.
ಫೆರ್ಮಿ ತಾನೇ ವಾಪಸು ಇಸಿದುಕೊಂಡ.
ಉಕ್ಕು ಬಾಗಿ ಹೇಳುತ್ತೆ, ಎವುದಾಲ್ದ್,
ಇದು ಹೇಳದೆ ಹೋಗುತ್ತೆ.
ನಕ್ಕಾಗ ಅವನ ಮುಂದಿನ ನಾಲ್ಕು ಹಲ್ಲು
ಉಳಿದವಕ್ಕಿಂತ ಬಿಳಿ.

ಕೊನೆಗೆ ಬೋಲ್ಟು.
ಎಲ್ಲ ಟೈಟಾನಿಯಂ ಅಂತ ಪಟ್ಟಿಯಲ್ಲಿ ಬರೆದದ್ದು ಅವಳು.
ಹಾಕಿದ್ದು ನಾನು.
ಹ್ಯಾಂಡಲ್ ಹಿಡಿದಿರುವ ಆ ನಾಲ್ಕನ್ನು ಮಾತ್ರ
ಉಕ್ಕಿನದೇ ಬಿಟ್ಟೆ.
ಟೈಟಾನಿಯಮ್ಮೂ ತಡೆಯುತ್ತಿತ್ತೇನೋ, ಪುಸ್ತಕ ಹಾಗೇ ಹೇಳುತ್ತದೆ.
ನನ್ನ ಕೈ ಒಪ್ಪಲಿಲ್ಲ.
ತೂಗಿದೆ: ಹನ್ನೊಂದು ಗ್ರಾಮ್ ಹೆಚ್ಚು.
ಮಿಕ್ಕಿದ್ದೆಲ್ಲ ಸೇರಿ ಆರುನೂರ ಹತ್ತು ಇಳಿದಿತ್ತು,
ಅದರಲ್ಲಿ ಇದು ಯಾರಿಗೆ ಕಾಣುತ್ತದೆ
ಅಂದುಕೊಂಡೆ.

ಭಾನುವಾರ ಬಯಲಿನ ತುಂಬ ಮಂಜು.
ಮೂರನೇ ಬಂಡೆಯಾಚೆ ಏನೂ ಕಾಣದು.
ಕಿವಿಯಲ್ಲೇ ಎಣಿಸಿದೆ:
ಕಿರುಚು, ಮೌನ, ಧಡ್. ಕಿರುಚು, ಮೌನ, ಧಡ್.
ಏಳರ ಮೌನ ಉದ್ದವಿತ್ತು.
ಮತ್ತೆ ಕಿರುಚಿತು.
ಕಾಲು ಊರಿದ ಸದ್ದು ಕೇಳಲಿಲ್ಲ,
ಮಂಜಿನಲ್ಲಿ ರಬ್ಬರು ಶೂ, ಕೇಳದೆಯೂ ಊರಿರಬಹುದು.
ಮುದುಕನ ಪೆನ್ಸಿಲನ್ನು ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ.

ಸಂಜೆ ಅಂಗಳದಲ್ಲಿ ಕೆಸರು ತೊಳೆಯುವಾಗ ಕಂಡಿತು,
ಆ ನಾಲ್ಕು ಬೋಲ್ಟಿನ ತಲೆಗೂ
ಉಗುರಿನ ಬಣ್ಣ. ಕೆಂಪು.
ಎಂದಿನಿಂದ ಇತ್ತೋ.
ಅಡುಗೆಮನೆಯಲ್ಲಿ ಅವಳು
ಬ್ರೆಡ್ಡಿಗೆ ಟೊಮ್ಯಾಟೊ ಉಜ್ಜುತ್ತಿದ್ದಳು, ಮೂರನೆಯ ಹೋಳು.
ಬಣ್ಣಕ್ಕೂ ತೂಕ ಇದೆಯಲ್ಲೇ, ಅಂದೆ ಕಿಟಕಿಯಿಂದ.
ಬಾಯಿ ತುಂಬಿತ್ತು, ಉತ್ತರ ಬರಲಿಲ್ಲ.