ಕಾಲಿಂಚು

ಹನ್ನೊಂದು ವರ್ಷ ನಾನು ಹೊಲಿದದ್ದು ಕಾಲರ್.
ಬರೀ ಕಾಲರ್. ಅಂಗಿ ಹೇಗಿತ್ತೆಂದು ಕೇಳಿದರೆ
ಕತ್ತಿನಿಂದ ಕೆಳಗೆ ನನಗೆ ಗೊತ್ತಿಲ್ಲ.
ಬೆಳಿಗ್ಗೆ ಏಳಕ್ಕೆ ಗುತ್ತಲು ರಸ್ತೆಯಲ್ಲಿ ವ್ಯಾನು,
ಮದ್ದೂರು ದಾಟಿದರೆ ಫ್ಯಾಕ್ಟರಿ, ಗಂಟೆಗೆ ಎಂಬತ್ತು ಪೀಸು,
ಸಂಜೆ ಗೇಟಿನಲ್ಲಿ ಸೊಂಟ ತಡಕಿ ಬಿಡುತ್ತಿದ್ದರು.
ಒಂದು ಚೂರೂ ಆಚೆ ಬರಲಿಲ್ಲ ನನ್ನ ಜೊತೆ,
ಜಡೆಗೆ ಅಂಟಿದ ನೂಲೆಳೆ ಬಿಟ್ಟರೆ.

ಈಗ ಆ ಲೈನೇ ಇಲ್ಲ.
ಮಿಷನ್ನು ಬಿಚ್ಚಿ ಲಾರಿಗೆ ಏರಿಸುವಾಗ
ನನ್ನ ನಲವತ್ತೆರಡನೇ ನಂಬರಿನದು ಎಲ್ಲಿ ಹೋಯಿತೋ ನೋಡಲಿಲ್ಲ.

ಪಕ್ಕದ ಮನೆಯ ಜುಲೇಖಾಬಿ
ಒಂದು ಮೂಟೆ ತಂದು ನಡುಮನೆಯಲ್ಲಿ ಸುರಿದಳು,
ಮೈದುನನ ಬ್ಲೌಸಿನಂಗಡಿಯ ಕಸ.
ಬ್ಲೌಸು ಕತ್ತರಿಸುವವನ ಕೈ ಚೆಲ್ಲುವುದು ಎರಡೇ ಆಕಾರ:
ಕತ್ತಿನ ಹತ್ತಿರ ಅರ್ಧಚಂದ್ರ, ಕಂಕುಳಲ್ಲಿ ಮುಕ್ಕೋನ.
ಚಂದ್ರ ಯಾವುದಕ್ಕೂ ಬಾರದು, ಒಲೆ ಒರೆಸಲು ಇಟ್ಟೆ.
ಮುಕ್ಕೋನ ಆರಿಸುತ್ತ ಕೂತರೆ ಊರೆಲ್ಲ ಬಂತು:
ಯಾವುದೋ ಟೀಚರಮ್ಮನ ಬದನೆಕಾಯಿ ಬಣ್ಣ,
ಒಂದೇ ಮದುವೆಗೆ ಹೋದ ಆರು ಜನರ ಒಂದೇ ಗಿಳಿಹಸಿರು,
ಬ್ಯಾಂಕಿನವಳ ಬೂದಿ,
ಮತ್ತೆ ಲೈನಿಂಗಿನ ಬಿಳಿ, ಅದು ಎಲ್ಲರದ್ದೂ.

ಬಿಸ್ಕತ್ತು ಡಬ್ಬದ ರಟ್ಟಿನಲ್ಲಿ ಅಚ್ಚು ಮಾಡಿದೆ.
ಎರಡು ಮುಕ್ಕೋನ ಕೂಡಿದರೆ ಒಂದು ಚೌಕ,
ಒಂಬತ್ತು ಚೌಕಕ್ಕೆ ಒಂದು ಮನೆ.
ಮನೆ ಅಂತ ಕರೆದದ್ದು ಚೌಕಾಬಾರದ ಅಭ್ಯಾಸ.

ನೇರ ಎಳೆಯ ಮೇಲೆ ಬಟ್ಟೆ ಹೇಳಿದ ಮಾತು ಕೇಳುತ್ತದೆ.
ಓರೆಯಲ್ಲಿ ಕತ್ತರಿಸಿದ ಅಂಚು ಹಾಗಲ್ಲ,
ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ಸು ಬರುವುದಿಲ್ಲ.
ಅದಕ್ಕೆ ಅನ್ನ ಬಸಿದ ಗಂಜಿಯಲ್ಲಿ ಅದ್ದಿ
ಹಪ್ಪಳದ ಹಾಗೆ ಒಣಹಾಕಿದೆ.
ಕಾಗೆಯೊಂದು ಗಿಳಿಹಸಿರನ್ನು ಕಚ್ಚಿ ನೋಡಿ ಬಿಟ್ಟಿತು.

ಕೂಡಿಸುವುದೆಂದರೆ ಕಾಲಿಂಚು ಅವಳದು, ಕಾಲಿಂಚು ಇವಳದು
ಒಳಕ್ಕೆ ಹೋಗುತ್ತದೆ, ಮೇಲೆ ಕಾಣುವುದಿಲ್ಲ.
ಅಷ್ಟು ಬಿಡದಿದ್ದರೆ ಮುಕ್ಕೋನದ ಮೂತಿ ಮೊಂಡು.
ಮೊದಲ ಮನೆಯಲ್ಲಿ ಹದಿನೆಂಟಕ್ಕೆ ಹದಿಮೂರು ಮೊಂಡು!
ಕಾಲರಿನ ಚೂಪು ಕಣ್ಣು ಮುಚ್ಚಿ ತೆಗೆಯುತ್ತಿದ್ದವಳು ನಾನು.

ಅತ್ತೆ ದೊಡ್ಡತಾಯಮ್ಮ ಮಂಚದಿಂದಲೇ ಕೇಳಿದರು:
‘ಕತ್ತರ್ಸಿ ಕತ್ತರ್ಸಿ ಮತ್ತೆ ಕೂಡ್ಸೋದಾ?
ಸಂತೇಲಿ ಒಂದು ರಗ್ಗು ತಂದಿದ್ರೆ ಆಯ್ತಿತ್ತಲ್ಲ ಕನವ್ವ.’
ಉತ್ತರ ಹೊಳೆಯಲಿಲ್ಲ. ಮಿಷನ್ನು ಅವರದ್ದೇ,
ತುಳಿದೆ.

ದಿನಕ್ಕೆ ಆರು ಚೌಕ. ಒಮ್ಮೊಮ್ಮೆ ನಾಲ್ಕು.
ಗಂಟೆ ಹೊಡೆದಾಗಲೆಲ್ಲ ಒಳಗೆ ಯಾರೋ ಎಂಬತ್ತು ಎನ್ನುತ್ತಾರೆ.

ಏಳನೇ ಮನೆಯಲ್ಲಿ ತಪ್ಪಿತು.
ಎಲ್ಲ ಮೂತಿಯೂ ಬಾಗಿಲ ಕಡೆ,
ಬದನೆಕಾಯಿ ಒಂದು ಮಾತ್ರ ಅಡಿಗೆಮನೆಗೆ ತಿರುಗಿ ಕೂತಿತ್ತು.
‘ಬುಡಕ್ಕ, ದಿಷ್ಟಿಬೊಟ್ಟು ಅನ್ಕೊ’ ಎಂದಳು ಜುಲೇಖಾಬಿ.
ಫ್ಯಾಕ್ಟರಿಯಾಗಿದ್ದರೆ ಕೆಂಪು ಬಾಣದ ಚೀಟಿ ಅಂಟಿಸಿ
ಆಲ್ಟರ್ ಎಂದು ಮುಖಕ್ಕೆ ಎಸೆಯುತ್ತಿದ್ದರು.
ಇಲ್ಲಿ ಎಸೆಯುವವರಿಲ್ಲ. ಆದರೂ ಬಿಚ್ಚಿದೆ,
ಸೂಜಿಯ ತುದಿಯಲ್ಲಿ ಒಂದೊಂದೇ ಹೊಲಿಗೆ, ಹೇನು ಹೆಕ್ಕಿದ ಹಾಗೆ.
ತಿರುಗಿಸಿ ಹೊಲಿದೆ. ನೋಡಿದರೆ
ಮತ್ತೆ ಅಡಿಗೆಮನೆ ಕಡೆಗೇ.
ನಾವಿಬ್ಬರೂ ನಕ್ಕ ನಗುವಿಗೆ ಅತ್ತೆ ಎದ್ದು ಕೂತು
ಏನಾಯ್ತು ಏನಾಯ್ತು ಎಂದರು.

ಮೂರನೇ ಸಲ ಬಾಗಿಲಿಗೆ ಬಂತು.
ಅಷ್ಟು ಹೊತ್ತಿಗೆ ಗಂಜಿ ಸವೆದು, ಓರೆ ಹಿಗ್ಗಿ
ಆ ಜಾಗ ಒಂಚೂರು ಉಬ್ಬಿದೆ. ಕಣ್ಣಿಗೆ ಕಾಣದು,
ಅಂಗೈ ಆಡಿಸಿದರೆ ಸಿಗುತ್ತದೆ.

ಹನ್ನೆರಡು ಮನೆ ಮುಗಿದ ರಾತ್ರಿ ನೆಲದಲ್ಲಿ ಹಾಸಿ
ಸುತ್ತ ನಡೆದೆ. ಇಡೀ ಒಂದು ವಸ್ತು,
ಈ ತುದಿಯಿಂದ ಆ ತುದಿವರೆಗೆ ನನಗೆ ಗೊತ್ತಿರುವುದು.
ಅತ್ತೆ ಅದರ ಮೇಲೆ ಕೂತು ವೀಳ್ಯಕ್ಕೆ ಸುಣ್ಣ ಹಚ್ಚಿದರು,
‘ಸುಣ್ಣ!’ ಎಂದು ಕೂಗಿದೆ.

ಮಡಿಸುವಾಗ ಮಾತ್ರ
ಕೈ ತನ್ನಷ್ಟಕ್ಕೆ ಕತ್ತು ಹುಡುಕಿತು.