ದಡಿ

ಹುಬ್ಬಳ್ಳ್ಯಾಗ ಉಸ್ತಾದ ಕಲಿಸಿದ್ದ:
ಹದಿನಾಲ್ಕರ ಲೆನ್ಸು ಗುಡ್ಡಕ್ಕ, ಗುಮ್ಮಟಕ್ಕ.
ಮಂದೀಗಲ್ಲ.
ಹತ್ತರ ಹೋದ್ರ ಮೂಗು ಬದನೀಕಾಯಿ ಆಕ್ಕೈತಿ,
ದಡಿಗೆ ನಿಂತವರು ರಬ್ಬರಿನಂಗ ಜಗ್ಗತಾರ,
ರೊಕ್ಕಾ ಕೊಡೂ ಮುಂದ ಜಗಳಾ ತಗೀತಾರ.

ಉಸ್ತಾದ ಬೆಟಗೇರಿ ಗಂಜ್ಯಾರ ಮನಿ ನೋಡಿರಲಿಲ್ಲ.
ಒಂದಂಕಣ. ಅದರಾಗ ಅರ್ಧಾ ಕುಣಿಮಗ್ಗ.
ಉಳಿದರ್ಧದಾಗ ಹದಿನೇಳು ಮಂದಿ, ಎರಡು ಕೂಸು,
ನಡುವ ಚಾಪಿ ಮ್ಯಾಲ
ಉಡಿ ತುಂಬಿಸಿಕೊಂಡು ಕುಂತ ಹುಡುಗಿ.
ಹಿಂದಕ್ಕ ಸರದೆ. ಬೆನ್ನಿಗೆ ಗ್ವಾಡಿ ಬಡೀತು.
ಬಾಜೂಕ ಸರದ್ರ ಮಗ್ಗದ ಕುಣಿ.
ಐವತ್ತರ ಲೆನ್ಸಿನಾಗ ಹುಡುಗಿ ಮೂಗುತಿ ಬಂತು, ಹುಡುಗ ಬರಲಿಲ್ಲ.
ಮೂವತ್ತೈದರಾಗ ಅವನ ಅರ್ಧಾ ಮೀಸಿ.

ಗ್ವಾಡಿ ಹಿಡಕೊಂಡು ನಿಂತಿದ್ದಳು ಸಕ್ರವ್ವ,
ಹುಡುಗಿ ಸ್ವಾದರತ್ತಿ, ಗಂಡ ಸತ್ತು ಇಪ್ಪತ್ತೆರಡು ವರ್ಷ.
ಹಿಂಗ ಸರದು ನಿಂದರೂದನ್ನ ಆಕಿಗೆ ಯಾರೂ ಕಲಿಸಿದ್ದಲ್ಲ,
ಯಾರೂ ಬ್ಯಾಡಾ ಅಂದದ್ದೂ ಅಲ್ಲ.
'ನಾ ಫೋಟೋದಾಗ ಬರೂದಿಲ್ಲಲ್ಲಪಾ?'
'ಇಲ್ಲವ್ವಾ' ಅಂದೆ.
ಆಗಿನ್ನೂ ನನ್ನ ಕೈಯಾಗ ಮೂವತ್ತೈದೇ ಇತ್ತು.

ಆಮ್ಯಾಲ ಚೀಲದಾಗಿಂದ ಅದನ್ನ ತಗದೆ,
ಗಾಜು ಹೊರಗ ಉಬ್ಬಿದ್ದು, ಎಮ್ಮಿ ಕಣ್ಣಿನಂಥಾದ್ದು.
ಎಲ್ಲಾರೂ ಬಂದ್ರು.
ಬರಬಾರದ್ದೂ ಬಂತು: ಗ್ಯಾಸಿನ ಸಿಲಿಂಡರು,
ಜಂತಿಗೆ ತೂಗು ಬಿದ್ದ ನೂಲಿನ ಲಡಿ,
ನನ್ನ ಎಡಗಾಲಿನ ಹೆಬ್ಬಟ್ಟು.

ರಾತ್ರಿ ಕಂಪ್ಯೂಟರಿನಾಗ ತಗದು ನೋಡತೇನಿ,
ನಡುವ ಹುಡುಗ ಹುಡುಗಿ, ಜ್ವಾಳದ ಎರಡು ಕಾಳು.
ಬಲಗಡೆ ಸಕ್ರವ್ವ.
ಗ್ವಾಡಿ ಓರೀ ಆಗೇತಿ, ಆಕಿ ಕೂಡ ಓರೀ ಆಗ್ಯಾಳ,
ಮನಿ ಬೀಳದಂಗ ಆನಿಕಿ ಕೊಟ್ಟವರಂಗ.
ಮುಂದ ಚಾಚಿದ ಕೈ,
ಬಾಗಿಲದಾಗ ಓಡೂ ಕೂಸಿನ ಅಂಗಿ ಹಿಡೀಲಿಕ್ಕೆ ಚಾಚಿದ್ದು,
ಮೊಣಕೈಯಿಂದ ಬೆಳೀತಾ ಬೆಳೀತಾ ಬಂದು
ಮೊರದಷ್ಟಾಗೇತಿ.
ಕಂಡಿಕಿ ಸುತ್ತಿ ಸುತ್ತಿ ಬೆರಳಿಗೆ ಬಿದ್ದ ಗೀರು
ಎಣಿಸಬಹುದು. ನಾ ಎಣಿಸಿದೆ. ನಾಕು.

ತಿದ್ದೂ ಗುಂಡಿ ಐತಿ. ಒತ್ತಿದೆ.
ಆಕಿ ಗಿಡ್ಡಾಗಿ, ನೆಟ್ಟಗಾಗಿ, ಬಂದ ಜಾಗಾಕ್ಕ ಹೋದಳು.
ಮತ್ತ ಒತ್ತಿದೆ. ಬಂದಳು.
ಹನ್ನೊಂದೂವರಿ ಮಟಾ ಇದೇ ಆಟ.

ಮರುದಿನ ಹುಡುಗಿ ಅಪ್ಪ ಪುಂಡಲೀಕಪ್ಪ
ಪ್ರಿಂಟು ಹಿಡದು, ಮಾರೂ ಸೀರಿ ನೋಡಿದಂಗ
ತೋರಬೆರಳಿನಿಂದ ಹೆಬ್ಬಟ್ಟಿಗೆ ಅಳತಿ ಹಾಕಿ ನೋಡಿದ.
'ಒಡಲಿಗಿಂತ ದಡೀನ ಅಗಲ ಆಗೇತಲ್ರೀ?
ಆ ಕಡೆ ಒಂಚೂರು ಕತ್ತರಿಸ್ರಿ,
ಬೀಗರು ಏನರೆ ಅಂದಾರು.'
'ಹೂಂ' ಅಂದೆ. ಲೆನ್ಸಿನ ಮ್ಯಾಲ ತಪ್ಪು ಹಾಕಿದೆ.
ಗಾಜು ತಿರುಗಿ ಮಾತಾಡೂದಿಲ್ಲ, ಅದೊಂದು ಅನುಕೂಲ.

ಸಂಜೀಮುಂದ ಅಂಗಡಿ ಬಾಗಿಲ ಎಳೀಬೇಕಂತಿದ್ದೆ,
ಸಕ್ರವ್ವ ಬಂದಳು.
ಚಪ್ಪಲಿ ಹೊರಗ ಬಿಟ್ಟಳು, ಅಂಗಡ್ಯಾಗ ಯಾರೂ ಬಿಡೂದಿಲ್ಲ.
ಪ್ರಿಂಟು ಕೇಳಿದಳು, ಕೊಟ್ಟೆ.
ಲೈಟಿಗೆ ಹಿಡದು, ಫೋಟೋದ ಕೈ ನೋಡಿದಳು,
ತನ್ನ ಕೈ ನೋಡಿದಳು, ಹೊಳ್ಳಿಸಿ ನೋಡಿದಳು.

'ಇದು ನಂದೇನಪಾ?'

'ಅದು ಲೆನ್ಸು, ಹತ್ತರಿದ್ದದ್ದು ದೊಡ್ಡದು ಮಾಡತೈತಿ,
ಹಂಗ ಇರೂದಿಲ್ಲ ಖರೇವಂದ್ರ...'
ಅಂತ ಸುರು ಮಾಡಿದೆ.
ಆಕಿ ಕೇಳಾಕತ್ತಿರಲಿಲ್ಲ.

ಸೆರಗಿನ ಗಂಟು ಹಲ್ಲಿಲೆ ಬಿಚ್ಚಿದಳು,
ಎರಡು ಹತ್ತರ ನೋಟು, ಐದರ ಒಂದು ಬಿಲ್ಲಿ,
ಕೌಂಟರಿನ ಗಾಜಿನ ಮ್ಯಾಲ ಸಾಲಾಗಿ ಇಟ್ಟಳು.
ದನಿ ಸಣ್ಣ ಮಾಡಿ ಕೇಳಿದಳು:

'ಉಳಿದವರನ್ನೆಲ್ಲಾ ಕತ್ತರಿಸಿ
ಇದಷ್ಟ ಕೊಡ್ತೀಯೇನು?'