ಗಂಜಿಯ ಕಣ್ಣು

ತಾಹ್ವೊ, ನಿನ್ನ ಕೊಡಲಿ ಇನ್ನೂ ಆ ಕೊರಡಿನಲ್ಲೇ ನೆಟ್ಟಿದೆ.
ಕೀಳಲು ಯಾರಿಗೂ ಕೈ ಬರಲಿಲ್ಲ.
ನಿನಗೆ ನಲವತ್ತಾರು. ಹಿಮ ಮೊಣಕಾಲುದ್ದ.
ಬರ್ಚ್ ತುಂಡು ಎರಡು ಹೋಳಾಗಿ ಬಿತ್ತು, ನೀನೂ ಬಿದ್ದೆ.
ಬೆಣ್ಣೆಯಿಂದ ಕೂದಲೆಳೆದಷ್ಟು ನಯವಾಗಿ
ಜೀವ ಹೋಗಿತ್ತು. ಕೋಳಿ ಕೂಡ ಬೆದರಲಿಲ್ಲ.

ಬೇಸಿಗೆಯಲ್ಲಿ ನರ್ಸ್ ಬಂದಳು,
ಯೊಯೆನ್ಸುವಿನ ಬಸ್ಸಿಳಿದು, ಯಾರದೋ ಸೈಕಲ್ ಕೇಳಿ ಪಡೆದು.
ಹೆಸರು ಐರಿ. ಮೂಗಿನ ಮೇಲೆ ಸೊಳ್ಳೆ ಕಚ್ಚಿದ ಗುರುತು.
ವಿಧವೆಯರನ್ನು ಎಣಿಸುತ್ತಿದ್ದಳು:
ಸರೋವರದ ಈ ದಂಡೆಗೆ ಐವರು, ಆ ದಂಡೆಗೆ ಮೂವರು.
‘ಗಂಡಸರು ಏನು ತಿನ್ನುತ್ತಿದ್ದರು?’
ಏನು ತಿನ್ನುತ್ತಾರೆ?
ಬಡಿಸಿದ್ದನ್ನು.

ಬರೆದುಕೊ ಅಂದೆ.
ರೈ ರೊಟ್ಟಿ, ಮೇಲೆ ಹಲ್ಲಿನ ಗುರುತು ಮೂಡುವಷ್ಟು ಬೆಣ್ಣೆ.
ಹಂದಿಯ ನೆಣ ಕರಗಿಸಿದ ಸಾರಿಗೆ ಅದ್ದಿದ ಆಲೂಗಡ್ಡೆ.
ಕಾಫಿಗೆ ಕೆನೆ.
ಗಂಜಿಯ ನಡುವೆ ಚಮಚದಿಂದ ಗುಳಿ ತೋಡಿ
ಒಂದು ಉಂಡೆ ಬೆಣ್ಣೆ. ಅದಕ್ಕೆ ನಾವು ಕಣ್ಣು ಅನ್ನುತ್ತೇವೆ.
ಕಣ್ಣಿಲ್ಲದ ಗಂಜಿ ಬಡವರ ಗಂಜಿ.
ನನ್ನಜ್ಜಿ ಪೈನ್ ಮರದ ತೊಗಟೆ ಬೀಸಿ ರೊಟ್ಟಿ ತಟ್ಟಿದವಳು, ಮಗು.
ಯುದ್ಧದಲ್ಲಿ ಗಡಿ ಬಿಟ್ಟು ಓಡಿ ಬರುವಾಗ ಅಮ್ಮ
ಗಡಿಯಾರ ಬಿಟ್ಟಳು, ಬೈಬಲ್ ಬಿಟ್ಟಳು,
ಬೆಣ್ಣೆಯ ಮರದ ಡಬ್ಬಿ ಬಿಡಲಿಲ್ಲ.

ಶಾಲೆಯ ಕೋಣೆಯಲ್ಲಿ ರಕ್ತ ತೆಗೆದಳು.
ಯಂತ್ರ ತಿರುಗತೊಡಗಿತು. ಆ ದನಿ ನನಗೆ ಗೊತ್ತು:
ನಮ್ಮ ಕೊಟ್ಟಿಗೆಯ ಕೆನೆ ಯಂತ್ರದ್ದು.
ಮೂವತ್ತು ವರ್ಷ ಅದರ ಹಿಡಿ ತಿರುಗಿಸಿದ ತೋಳು ಇದು.
ನಿಂತಾಗ ನೋಡಿದೆ: ಕೆಳಗೆ ಕೆಂಪು,
ಮೇಲೆ ಮಬ್ಬು ಮಬ್ಬು, ನೀರು ಬೆರೆಸಿದ ಹಾಲು.
ಗಾಜಿನ ನಳಿಗೆಯಲ್ಲಿ ನಾನೇ ಕೆನೆ ಕಟ್ಟಿದ್ದೆ.

‘ಉಪವಾಸ ಬನ್ನಿ ಅಂದಿದ್ದೆನಲ್ಲ?’
ಆರು ಹಸು ಕರೆದವಳು ಖಾಲಿ ಹೊಟ್ಟೆಯಲ್ಲಿ ಬರುತ್ತಾಳೆಯೇ?
ಐರಿ ನಕ್ಕಳು. ‘ಹಾಗಾದರೆ ಇದು ಬೆಳಗಿನ ಬೆಣ್ಣೆ.
ಪಿತ್ತರಸ ಅದನ್ನು ಹನಿಹನಿ ಒಡೆದಿದೆ,
ಕರುಳು ಎತ್ತಿ ರಕ್ತದ ಹೊಳೆಗೆ ಬಿಟ್ಟಿದೆ.
ತೋಳು ಒಂದಿಷ್ಟು ಉರಿಸುತ್ತದೆ, ಸೊಂಟ ಒಂದಿಷ್ಟು ಕೂಡಿಡುತ್ತದೆ.
ಸಂಜೆಗೆ ತಿಳಿಯಾಗುತ್ತದೆ. ನಾನು ಹುಡುಕುತ್ತಿರುವುದು ಇದನ್ನಲ್ಲ.
ಅದು ಎಷ್ಟು ತಿಳಿ ರಕ್ತದಲ್ಲೂ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ.
ಯಕೃತ್ತು ಅದನ್ನು ವಾಪಸ್ ಸೆಳೆದುಕೊಳ್ಳಬೇಕು;
ಇಂಥ ಗಟ್ಟಿ ಕೊಬ್ಬು ದಿನವೂ ಬಂದರೆ ಸೆಳೆತ ಸೋಲುತ್ತದೆ.
ಆಮೇಲೆ ಅದು ನಾಳದ ಗೋಡೆ ಹಿಡಿಯುತ್ತದೆ,
ಹೃದಯದ ನಾಳ ಮೊದಲೇ ಸಣ್ಣದು.’

ನೀನು ಪ್ರತಿ ಶರತ್ಕಾಲ ಸೌನಾದ ಚಿಮಣಿಗೆ ಇಳಿದು
ಮಸಿ ಕೆರೆಯುತ್ತಿದ್ದೆ. ನಿನ್ನೊಳಗೆ ಇಳಿಯುವವರು ಯಾರಿದ್ದರು?

‘ಹಾಗಾದರೆ ನಾನೇ?’
ಐರಿ ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು.
‘ಅಲ್ಲ. ದಿನಕ್ಕೆ ಇಪ್ಪತ್ತು ಸಿಗರೇಟು. ಉಪ್ಪು ಮೀನು. ರಕ್ತದೊತ್ತಡ.
ಅವರಪ್ಪನೂ ಐವತ್ತು ಮುಟ್ಟಲಿಲ್ಲ, ನೀವೇ ಹೇಳಿದಿರಿ.’
ಇನ್ನೂ ಏನೇನೋ ಹೇಳಿದಳು.
‘ಅಲ್ಲ’ ಅನ್ನುವ ಮೊದಲಿನ ಆ ಮುಚ್ಚಳದ ಸದ್ದು
ನನಗೆ ಇನ್ನೂ ಕೇಳುತ್ತದೆ.

ಇಲ್ಮೊಗೆ ಈಗ ಮೂವತ್ತೊಂದು. ನಿನ್ನದೇ ಭುಜ, ನಿನ್ನದೇ ಹಟ.
ಗಂಜಿಯಲ್ಲಿ ಗುಳಿ ತೋಡಿ ಸಾಸಿವೆ ಜಾತಿಯ ಹಳದಿ ಹೂವಿನ
ಎಣ್ಣೆ ಹೊಯ್ದೆ. ಬಟ್ಟಲನ್ನೇ ನೋಡಿದ.
‘ಅಮ್ಮಾ, ಗಂಜಿಗೆ ಕುರುಡು ಬಂದಿದೆ.’
ಬಯ್ಯುತ್ತಲೇ ತಿಂದ.

ಕೆನೆ ಈಗಲೂ ಡೈರಿಗೆ ಹೋಗುತ್ತದೆ,
ಯಾರದೋ ಬಟ್ಟಲಿಗೆ ಕಣ್ಣಾಗಲು.
ಹಸುಗಳಿಗೆ ಏನು ಹೇಳಲಿ?

ನೀನು ಹೋದ ದಿನ ಮಾತ್ರ ನಿನ್ನ ಬಟ್ಟಲಿಗೆ
ಹಳೆಯ ಕಣ್ಣು ಇಡುತ್ತೇನೆ. ಕರಗುತ್ತದೆ, ಹೊಳೆಯುತ್ತದೆ,
ಬೆಳಗಿನ ಹೊತ್ತಿಗೆ ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ.
ಪಕ್ಕದ ಸೀಸೆಯಲ್ಲಿ ಎಣ್ಣೆ ಅದೇ ಚಳಿಯಲ್ಲಿ
ನೀರಿನಂತೆ ಅಲುಗುತ್ತದೆ.

ಚಳಿಗೂ ಹೆಪ್ಪುಗಟ್ಟದ ವಸ್ತುವನ್ನು
ನಾನು ಪೂರ್ತಿ ನಂಬಿಲ್ಲ, ತಾಹ್ವೊ.
ಆದರೂ ಬಡಿಸುತ್ತೇನೆ.